ಹನ್ನೊಂದು ಮಂದಿಗೆ ಬೂಟು

ಹದಿನೈದು ವರ್ಷ ಪಲ್ಟಣದಲ್ಲಿದ್ದು, ಲಾನ್ಸ್ ನಾಯಕನಾಗಿ ಊರಿಗೆ ಮರಳಿದ ಶ್ರೀಶೈಲಪ್ಪ ಬಿಜಾಪುರದ ಕಡೆಯ ಇಂಡಿಯಲ್ಲಿ ಹಿಟ್ಟಿನ ಗಿರಣಿ ಹಾಕಿಕೊಂಡು ಹೊರಗಿನವರ ಕಣ್ಣಿಗೆ ಸುಖವಾಗಿಯೇ ಇದ್ದ. ಗಿರಣಿ ನಡೆಯುತ್ತಿತ್ತು. ಹೆಂಡತಿ ಕಸ್ತೂರೆವ್ವ ಕಾಗದದಷ್ಟು ತೆಳ್ಳಗೆ ರೊಟ್ಟಿ ಬಡಿಯುತ್ತಿದ್ದಳು. ಪೆನ್ಶನ್ನು ತಡವಾದರೂ ಬರುತ್ತಿತ್ತು. ಅವನಿಗಿದ್ದ ಕೊರತೆ ಒಂದೇ. ಇಂಡಿಯ ಜನ ತಮಗೆ ತೋಚಿದ ಕಾಲನ್ನು ತೋಚಿದಾಗ ಇಡುತ್ತಿದ್ದರು.

ಊರ ತುಂಬ ಮಂದಿ ನಡೆದಾಡುತ್ತಿದ್ದರೂ ಇಬ್ಬರ ಹೆಜ್ಜೆ ಕೂಡಿ ಬೀಳದಿರುವುದು ಎಂಥ ಸಂಕಟವೆಂಬುದು ಬೇರೆಯವರಿಗೆ ತಿಳಿಯುವಂಥದ್ದಲ್ಲ. ಬೆಳಗಾದರೆ ಗಿರಣಿಯ ಎಂಜಿನ್ನು ಠುಕ್ ಠುಕ್ ಎನ್ನುತ್ತಲೇ ಶ್ರೀಶೈಲಪ್ಪನ ಕಾಲು ತಾವಾಗಿಯೇ ಎದ್ದು ಬೀಳತೊಡಗುತ್ತಿದ್ದವು. ಜೋಳ ಬೀಸಿಸಲು ಬಂದ ಹೆಂಗಸರು ಅವನಿಗೆ ಇರುವೆ ಕಚ್ಚಿರಬೇಕೆಂದು ತಿಳಿಯುತ್ತಿದ್ದರು. ಸಂತೆಗೆ ಹೋಗುವಾಗ ಅವನು ಹೆಂಡತಿಯನ್ನಾದರೂ ಜೊತೆಗೆ ಕೂಡಿಸಿಕೊಳ್ಳಲು ನೋಡಿದ್ದುಂಟು.

"ನಾ ಎಡಗಾಲ ಇಟ್ಟಾಗ ನೀನೂ ಎಡಗಾಲ ಇಡು" ಎಂದಿದ್ದ.

"ನಾ ಬದನಿಕಾಯಿ ತರಾಕ ಹೊಂಟೇನಿ, ಲಡಾಯಿಗಲ್ಲ" ಎಂದು ಕಸ್ತೂರೆವ್ವ ಚೀಲ ಹಿಡಿದು ಮುಂದೆ ನಡೆದುಬಿಟ್ಟಿದ್ದಳು.

ಅವನಿಗೆ ಸಮಾಧಾನ ಸಿಗುತ್ತಿದ್ದದ್ದು ಮಾಜಿ ಸೈನಿಕರ ಸಂಘದಲ್ಲಿ. ಸಂಘಕ್ಕೆ ಸುಬೇದಾರ ಶಮಶುದ್ದೀನ ಸಾಹೇಬರು ಅಧ್ಯಕ್ಷರು. ಬರ್ಮಾದ ಕಾಡು ತುಳಿದು ಬಂದ ಎಪ್ಪತ್ತು ದಾಟಿದ ಮುದುಕರು, ಒಂದು ಮೊಣಕಾಲು ಅಲ್ಲಿಯೇ ಕೆಡಿಸಿಕೊಂಡವರು. ಶ್ರೀಶೈಲಪ್ಪ ಕಾರ್ಯದರ್ಶಿ. ಇವರಿಬ್ಬರೂ ಸೇರಿ ಗಂಡಸರು ಹತ್ತು ಮಂದಿ. ಹನ್ನೊಂದನೆಯವಳು ಯಲ್ಲವ್ವ. ಅವಳ ಗಂಡ ಅರವತ್ತೈದರ ಯುದ್ಧದಲ್ಲಿ ಹೋದ. ಅವನ ಹೆಸರನ್ನು ಸಂಘದಿಂದ ಹೊಡೆದುಹಾಕಲು ಸುಬೇದಾರರು ಒಪ್ಪಿರಲಿಲ್ಲ. ಹಾಜರಿ ಕೂಗುವಾಗ ಅವನ ಹೆಸರು ಬಂದರೆ ಬಾಗಿಲ ಬಳಿ ಕೂತ ಯಲ್ಲವ್ವ "ಅದಾರ್ರಿ" ಎನ್ನುತ್ತಿದ್ದಳು.

ಇಂಥ ಸಂಘಕ್ಕೆ ಹಿಂದಿನ ಆಗಸ್ಟ್ ಹದಿನೈದರಂದು ಒಂದು ಅವಮಾನವಾಗಿತ್ತು. ಮೆರವಣಿಗೆಯಲ್ಲಿ ಸಾಲಿ ಹುಡುಗರು, ಬಾಜಾದವರು, ಧ್ವನಿವರ್ಧಕದ ಚಕ್ಕಡಿ ಎಲ್ಲ ಮುಂದೆ ಹೋಗಿ, ಚಕ್ಕಡಿಯ ಧೂಳು ಕುಡಿಯುತ್ತ ಇವರು ಕೊನೆಯಲ್ಲಿ ಬಂದಿದ್ದರು. ಕಾಲಲ್ಲಿ ಚಪ್ಪಲಿ. ಕಿರಾಣಿ ಅಂಗಡಿಯವನೊಬ್ಬ ಇವರನ್ನು ನೋಡಿ, "ಕುರ್ಚಿ ಹಾಕಾವ್ರು ಈಗ ಬಂದ್ರ ಹೆಂಗ್ರಪಾ" ಎಂದು ಕೇಳಿದ್ದ.

ಈ ವರ್ಷ ಹಾಗಾಗಬಾರದೆಂದು ಸುಬೇದಾರರು ಮೊದಲೇ ತಹಶೀಲ್ದಾರರನ್ನು ಕಂಡರು. ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬುವ ವರ್ಷ. ತಹಶೀಲ್ದಾರರು ಯೋಚಿಸಿ, "ಡ್ರೆಸ್ಸು ಹೆಂಗಾರ ಇರಲಿ, ಬೂಟ್ ಹಾಕ್ಕೊಂಡ ಬರ್ರಿ. ಎಲ್ಲಾರಕಿಂತ ಮುಂದ ನೀವ ನಡೀರಿ" ಎಂದು ಮಾತು ಕೊಟ್ಟರು. ಸರಕಾರ ತನಗೆ ಬೇಡವಾದ ಸಾಮಾನನ್ನು ಮಾಜಿ ಸೈನಿಕರ ಸಂಘಗಳಿಗೆ ಪುಕ್ಕಟೆ ಕೊಡುತ್ತಿದೆ, ಬಿಜಾಪುರದ ಗೋದಾಮಿಗೆ ಹೋಗಿ ಕೇಳಿ ನೋಡಿ ಎಂಬ ಉಪಾಯವನ್ನೂ ಅವರೇ ಹೇಳಿದರು.

ಸಂಘ ಸಭೆ ಸೇರಿತು. ಎಲ್ಲರ ಕಾಲಿನ ನಂಬರು ಕೇಳುತ್ತ ಬಂದ ಶ್ರೀಶೈಲಪ್ಪ ಬಾಗಿಲ ಬಳಿ ಬಂದು ಸುಮ್ಮನೆ ನಿಂತ.

"ಎಂಟ ನಂಬರ" ಎಂದಳು ಯಲ್ಲವ್ವ. ಯಾರ ಕಾಲು ಎಂದು ಯಾರೂ ಕೇಳಲಿಲ್ಲ.

ಸುಬೇದಾರರು ಮಾತ್ರ, "ಹನ್ನೊಂದು ಮಂದಿಗೆ, ಶ್ರೀಶೈಲಪ್ಪ. ಮರೀಬ್ಯಾಡ. ಬರೂ ವರ್ಷ ಈ ಮೊಣಕಾಲ ನನ್ನ ಮಾತ ಕೇಳ್ತೈತೋ ಇಲ್ಲೋ" ಎಂದರು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಕೆಟ್ಟದ್ದು ಬಿಜಾಪುರದ ಬಸ್ಸಿನಲ್ಲಿ. ಕಿಟಕಿಯ ಬಳಿ ಕೂತ ಶ್ರೀಶೈಲಪ್ಪನಿಗೆ ಗೋದಾಮಿನ ಸಾಹೇಬರ ಮುಂದೆ ಹಳ್ಳಿಯವನ ಹಾಗೆ ಮಾತಾಡಬಾರದು ಎನ್ನಿಸಿತು. ಬೂಟು ಅನ್ನುವುದು ಊರವರ ಮಾತು; ಸಾಹೇಬರು ಏನನ್ನುತ್ತಾರೆ? ಮೈಮೇಲೆ ಹಾಕುವುದು ಕೋಟು. ಕಿಸೆಯಲ್ಲಿಡುವುದು ನೋಟು. ಡಬ್ಬಿಯಲ್ಲಿ ಹಾಕುವುದು ವೋಟು. ಇಂಗ್ಲಿಷಿನಲ್ಲಿ ಮರ್ಯಾದಸ್ಥ ಪದಾರ್ಥಗಳೆಲ್ಲ ಹೀಗೆ ಇರುವಾಗ ಕಾಲಿನದೊಂದು ಮಾತ್ರ ಬೂಟು ಹೇಗಾದೀತು? ಬಸ್ಸು ಬಿಜಾಪುರ ಮುಟ್ಟುವ ಹೊತ್ತಿಗೆ ಶಬ್ದ ಅವನ ಬಾಯಲ್ಲಿ ತಯಾರಾಗಿತ್ತು.

ಗೋದಾಮಿನ ಸಾಹೇಬರು ನಿವೃತ್ತಿಗೆ ಹತ್ತಿರ ಬಂದ ದಣಿದ ಮನುಷ್ಯ. ಎದುರಿಗೆ ಬಂದು ಸೆಲ್ಯೂಟ್ ಹೊಡೆದವನನ್ನು ನೋಡಿ, "ಏನ ಬೇಕಪಾ?" ಎಂದರು.

"ಬೋಟ್, ಸಾಹೇಬ್ರ."

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನಂದ್ರಿ?"

"ಬೋಟ್‌ರೀ. ಮಾಜಿ ಸೈನಿಕರ ಸಂಘಕ್ಕ."

ಸಾಹೇಬರು ತಾವಾಗಿಯೇ ಎದ್ದು ಅವನಿಗೆ ಕುರ್ಚಿ ಎಳೆದರು. ಚಹಾ ತರಿಸಿದರು. ಆ ಕಚೇರಿಯಲ್ಲಿ ಬೇಡಲು ಬಂದವನಿಗೆ ಚಹಾ ಸಿಕ್ಕದ್ದು ಅದೇ ಮೊದಲಿರಬೇಕು.

"ಇಂಡಿಯವ್ರ ಅಂದ್ರಲ್ಲ. ಇಂಡ್ಯಾಗ ಇದನ್ನ ಏನ ಮಾಡ್ತೀರಿ?"

"ಮೆರವಣಿಗ್ಯಾಗ ಬೇಕ್ರಿ. ಹನ್ನೊಂದು ಮಂದಿಗೆ ಆಗಬೇಕು."

"ಹನ್ನೊಂದೇನು, ಹದಿನೈದು ಮಂದಿಗೆ ಆಕ್ಕೈತಿ."

ಶ್ರೀಶೈಲಪ್ಪನಿಗೆ ಕಣ್ಣು ತುಂಬಿ ಬಂದವು. ಸರಕಾರದಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕೊಡುವವರೂ ಇರುತ್ತಾರೆ. ಆದರೂ ಮಿಲಿಟರಿ ಮನುಷ್ಯ. ಮಾಲು ವಿಚಾರಿಸದೆ ಒಪ್ಪುವವನಲ್ಲ.

"ತಳಾ ಗಟ್ಟಿ ಐತೇನ್ರಿ?"

"ತಳಾ ಕಲ್ಲ ಆಗೈತಿ. ಒಂದ ಹನಿ ನೀರ ಒಳಗ ಬರೂದಿಲ್ಲ. ಒಂದೆರಡ ಕಡೆ ಮೊಳಿ ಸಡ್ಲ ಆಗ್ಯಾವ, ಬಡಸ್ಕೋರಿ."

"ಮೊಳಿ ಬಡಿಯವ್ರು ನಮ್ಮೂರಾಗೂ ಅದಾರ್ರಿ. ಎಣ್ಣಿ ತಿಕ್ಕಿ ಮಿರಮಿರ ಮಿಂಚಸ್ತೇವಿ."

"ನೀವ ಹೊತ್ಕೊಂಡ ಹೋಗೂದ ಬ್ಯಾಡ. ನಾನ ಲಾರಿ ಮಾಡಿ ಕಳಸ್ತೇನಿ" ಎಂದು ಸಾಹೇಬರು ಅವನ ಕೈ ಹಿಡಿದು ಕುಲುಕಿದರು.

ಬೂಟಿಗೆ ಲಾರಿ ಯಾಕೆ ಎಂಬ ಪ್ರಶ್ನೆ ಶ್ರೀಶೈಲಪ್ಪನ ತಲೆಯಲ್ಲಿ ಬರಲಿಲ್ಲವೆಂದಲ್ಲ, ಬಂತು. ಆದರೆ ಗೌರವ ಎಂದರೆ ಹೀಗೇ ಇರಬೇಕು ಎಂದು ಅವನು ಅದನ್ನು ಅಲ್ಲಿಗೇ ಬಿಟ್ಟ. ಊರಿಗೆ ಬಂದು, "ಬರಾಕತ್ತಾವ, ಲಾರ್‍ಯಾಗ" ಎಂದು ಮನೆಮನೆಗೆ ಹೇಳಿದ.

ಆಗಸ್ಟ್ ಹದಿನೈದಕ್ಕೆ ಇನ್ನು ನಾಲ್ಕಾರು ದಿನವಿರುವಾಗ ಲಾರಿ ಬಂತು. ಅದು ಗಿರಣಿ ಓಣಿಗೆ ಹಿಂದೆ ಮುಂದೆ ಮಾಡಿ ನುಗ್ಗಿದ ಮೇಲೆ, ಆಳುಗಳು ಹಗ್ಗ ಬಿಚ್ಚಿ, ಒಂದು ಉದ್ದನೆಯ ಮರದ ದೋಣಿಯನ್ನು ಗಿರಣಿಯ ಎದುರಿಗೆ ಇಳಿಸಿದರು. ಯಾವುದೋ ವರ್ಷ ಹೊಳೆ ಉಕ್ಕಿದಾಗ ಜನರನ್ನು ದಾಟಿಸಲು ತರಿಸಿ, ಅದು ಬರುವಷ್ಟರಲ್ಲಿ ಹೊಳೆ ಇಳಿದುಹೋಗಿ, ಅಂದಿನಿಂದ ಗೋದಾಮಿನ ಅಂಗಳದಲ್ಲಿ ಬಿದ್ದಿದ್ದ ದೋಣಿ. ಡ್ರೈವರ್ ಕೆಳಗಿಳಿದು, "ಶ್ರೀಶೈಲಪ್ಪ ಅನ್ನಾವ್ರು ಯಾರ್ರಿ? ನಿಮ್ಮ ಬೋಟ್ ಬಂದೈತಿ" ಎಂದ.

ಹಿಟ್ಟಿನಲ್ಲಿ ಮಿಂದ ಶ್ರೀಶೈಲಪ್ಪ ಬಾಗಿಲಿಗೆ ಬಂದು ನಿಂತ. ನೋಡಿದ. ಆ ಶಬ್ದದ ನಿಜವಾದ ಅರ್ಥ ಅವನಿಗೆ ಹೊಳೆದದ್ದು ಆಗಲೇ. ಅವನ ಮುಖ ಮೊದಲೇ ಬೆಳ್ಳಗಿದ್ದುದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ.

ಕಸ್ತೂರೆವ್ವ ದೋಣಿಯನ್ನು ಒಂದು ಸುತ್ತು ಹಾಕಿ ಬಂದಳು. "ಇದನ್ನ ಯಾವ ಕಾಲಿಗಿ ಹಾಕ್ಕೋತೀರಿ?" ಎಂದು ಮೆಲ್ಲಗೆ ಕೇಳಿದಳು.

ಲಾರಿ ಹೋಗುವ ಮೊದಲೇ ಓಣಿ ತುಂಬಿಹೋಯಿತು. ಪಕ್ಕದ ಮನೆಯ ಪಾಂಡುರಂಗ ಮಾಸ್ತರರು ಊಟದ ಕೈಯಲ್ಲೇ ಎದ್ದು ಬಂದಿದ್ದರು. "ಶ್ರೀಶೈಲಪ್ಪ, ಈ ವರ್ಷ ಹನಿ ಮಳಿ ಇಲ್ಲ. ಬಾವ್ಯಾಗ ಕೊಡ ಮುಳಗವಲ್ದು. ಸರಕಾರ ಬೋಟ್ ಯಾಕ ಕಳಿಸ್ತು?"

ಶ್ರೀಶೈಲಪ್ಪನಿಗೆ ಬೂಟಿನ ಮಾತು ಹೇಳಲು ನಾಲಗೆ ಏಳಲಿಲ್ಲ. ಅವನು ಆಕಾಶದ ಕಡೆ ನೋಡಿದ. "ಸರಕಾರಕ್ಕ ಏನೋ ಗೊತ್ತಿರ್ತೈತ್ರಿ, ಮಾಸ್ತರ" ಎಂದ.

ಅಷ್ಟೇ ಸಾಕಾಯಿತು. ಸಂಜೆಯ ಹೊತ್ತಿಗೆ ಸರಕಾರಕ್ಕೆ ಗೊತ್ತಿರುವುದು ಏನೆಂದು ಇಂಡಿಗೆಲ್ಲ ಗೊತ್ತಾಯಿತು. ದೊಡ್ಡ ಮಳೆ ಬರುತ್ತದೆ. ಭೀಮಾ ಹೊಳೆ ಉಕ್ಕಿ ಊರೊಳಗೆ ಬರುತ್ತದೆ. ದಿಲ್ಲಿಯಲ್ಲಿ ಯಂತ್ರದಿಂದ ನೋಡಿದ್ದಾರೆ. ಕಿರಾಣಿ ಅಂಗಡಿಯವನು ಸಕ್ಕರೆ ಚೀಲಗಳನ್ನು ಅಟ್ಟಕ್ಕೇರಿಸಿದ. ವರ್ಷವಿಡೀ ಮಾಳಿಗೆಯ ಕಡೆ ಕಣ್ಣೆತ್ತದಿದ್ದವರು ಮಾಳಿಗೆಗೆ ಮಣ್ಣು ಹಾಕಿಸಿದರು. ಸಾಲೋಟಗಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದ ಹೆಂಗಸರು ದೋಣಿಗೆ ಅರಿಶಿಣ ಕುಂಕುಮ ಹಚ್ಚಿ ಕಾಯಿ ಒಡೆದರು. ಅದರ ಮರಕ್ಕೆ ಕೆನ್ನೆ ಹಚ್ಚಿ, ಎಂದೋ ನೀರು ಮುಟ್ಟಿದ್ದ ವಾಸನೆ ಇನ್ನೂ ಇದೆಯೇನೋ ಎಂದು ಮೂಸಿ ನೋಡಿದರು. ಅವರು ಹಾಗೆ ಮಾಡುವಾಗ ನಗಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಶ್ರೀಶೈಲಪ್ಪನಂತೂ ಗಿರಣಿಯೊಳಗೆ ಹೋಗಿ ಎಂಜಿನ್ನಿನ ಹಿಂದೆ ಕೂತ.

ಮರುದಿನ ಗೊಳಸಂಗಿಯಿಂದ ಅವನ ಅಕ್ಕ ಬಾಳಮ್ಮ ಗಂಟು ಹೊತ್ತುಕೊಂಡು ಬಸ್ಸಿಳಿದಳು. ಸುದ್ದಿ ಅಲ್ಲಿಯತನಕ ಮುಟ್ಟಿತ್ತು.

"ತಮ್ಮಾ, ಬೋಟಿನ್ಯಾಗ ನನಗ ಜಾಗಾ ಹಿಡಿ. ನಿಮ್ಮ ಮಾವಗೊಂದು. ಎಮ್ಮಿ ಹಿಡಸ್ತೈತೇನು?"

"ಅಕ್ಕಾ, ನಿಮ್ಮೂರ ಕಡೆ ಕೃಷ್ಣಾ ಹೊಳಿ ಹರೀತೈತಿ. ಅದನ್ನ ಬಿಟ್ಟು ಒಣಾ ಇಂಡಿಗಿ ಯಾಕ ಬಂದಿ?"

"ಅಲ್ಲಿ ಹೊಳಿ ಐತಿ, ಬೋಟ್ ಇಲ್ಲ" ಎಂದ ಬಾಳಮ್ಮ ಗಂಟನ್ನು ದೋಣಿಯ ನಡುವೆ ಇಟ್ಟು ತಾನೂ ಹತ್ತಿ ಕೂತಳು. ಊಟಕ್ಕೆ ಕರೆದಾಗಲೂ, ಕಸ್ತೂರೆವ್ವನನ್ನು ತನ್ನ ಜಾಗದಲ್ಲಿ ಕೂರಿಸಿಯೇ ಇಳಿದಳು.

ಮೂರನೆಯ ದಿನ ತಹಶೀಲ್ದಾರರಿಂದ ಕರೆ ಬಂತು. ಅವರ ಬಳಿಗೆ ನಾಲ್ಕು ಹಳ್ಳಿಯ ಮುಖಂಡರು ಬಂದು, ನಮ್ಮೂರಿಗೂ ಬೋಟು ಕೊಡಿ ಎಂದು ಗಲಾಟೆ ಮಾಡಿ ಹೋಗಿದ್ದರು. ಪ್ರವಾಹ ಬರುವ ಸುದ್ದಿ ಮೇಲಿನವರು ತಮ್ಮನ್ನು ಬಿಟ್ಟು ಗಿರಣಿಯವನಿಗೆ ಹೇಳಿದ್ದಾರೆಂದು ತಹಶೀಲ್ದಾರರಿಗೆ ಒಳಗೊಳಗೆ ನೋವೂ ಆಗಿತ್ತು.

"ಮಳಿ ಬರೂದು ನಿಮಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ರಿ" ಎಂದ ಶ್ರೀಶೈಲಪ್ಪ, ಅಟೆನ್ಶನ್‌ನಲ್ಲಿ ನಿಂತು.

"ಹಂಗಾರ ಬೋಟ್ ಯಾಕ ತಂದ್ರಿ?"

"ಬೂಟ್ ಕೇಳಾಕ ಹೋಗಿದ್ನಿರಿ."

ತಹಶೀಲ್ದಾರರು ಎದ್ದು ಬಾಗಿಲು ಮುಂದೆ ಮಾಡಿ ಬಂದರು. ತಗ್ಗಿದ ದನಿಯಲ್ಲಿ, "ಇದನ್ನ ಮತ್ತ ಯಾರ ಮುಂದೂ ಹೇಳಬ್ಯಾಡ್ರಿ. ಹದಿನೈದಕ್ಕ ಮೆರವಣಿಗಿ ನಿಮ್ಮ ಓಣಿಯಿಂದನ ಬರ್ತೈತಿ. ಅಷ್ಟರಾಗ ಅದನ್ನ ಅಲ್ಲಿಂದ ಎತ್ತಸ್ರಿ. ಬೂಟ್ ಇಲ್ಲಂದ ಮ್ಯಾಲೆ ನೀವು ಹ್ವಾದ ವರ್ಷದಂಗ ಹಿಂದ ಬರ್ರಿ" ಎಂದರು.

ಶ್ರೀಶೈಲಪ್ಪ ಅಲ್ಲಿಂದ ನೇರವಾಗಿ ಸುಬೇದಾರರ ಮನೆಗೆ ಹೋದ. ಕೋಟು, ನೋಟು, ವೋಟು ಎಲ್ಲವನ್ನೂ ಹೇಳಿದ. ಬೈಯುತ್ತಾರೆಂದು ತಲೆ ತಗ್ಗಿಸಿದ. ಸುಬೇದಾರರು ಹಗ್ಗದ ಮಂಚದ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದರು.

"ಬೋಟ್ ಚಲೋ ಐತೇನು?" ಎಂದು ಕೇಳಿದರು.

"ಚಲೋ ಐತ್ರಿ."

"ಬರ್ಮಾದಾಗ ಒಂದ ಹೊಳಿ ಇತ್ತು. ಹಿಂದ ಸರಿಯೂವಾಗ ಅದನ್ನ ಈಸಿ ದಾಟೀವಿ. ಇಂಥಾದ್ದೊಂದ ಬೋಟ್ ಸಿಕ್ಕಿದ್ರ ಇನ್ನೂ ನಾಕ ಮಂದಿ ಊರ ಮುಟ್ಟತಿದ್ರು." ಅವರು ಎಣ್ಣೆಯ ಬಟ್ಟಲನ್ನು ಬದಿಗಿಟ್ಟರು. "ಆವಾಗ ಕೇಳಿದ್ರ ಯಾರೂ ಕೊಡಲಿಲ್ಲ. ನೀ ಕೇಳದ ತಂದಿ. ಇರಲಿ. ಹದಿನೈದಕ್ಕ ಎಲ್ಲಾರೂ ಬರ್ರಿ, ಎತ್ತಿ ಬಾಜೂಕ ಇಡೂಣು."

ಹದಿನೈದರ ಮುಂಜಾನೆ ಸಂಘ ಗಿರಣಿಯ ಮುಂದೆ ಸೇರಿತು. ಚಪ್ಪಲಿಯವರು, ಬರಿಗಾಲಿನವರು, ಶ್ರೀಶೈಲಪ್ಪನ ಕಾಲಲ್ಲಿ ಮಾತ್ರ ಬಾಯಿ ಬಿಟ್ಟ ಒಂದು ಜೊತೆ ಕ್ಯಾನ್ವಾಸ್ ಬೂಟು. ಬಾಳಮ್ಮನನ್ನು ಇಳಿಸಲು ಕಾಲು ಗಂಟೆ ಹಿಡಿಯಿತು. ದೋಣಿಯನ್ನು ಬೋರಲು ಮಾಡಿ ಎತ್ತಿ ಹೆಗಲಿಗೇರಿಸಿದರು. ಒಂದು ಬದಿಗೆ ಐವರು, ಇನ್ನೊಂದು ಬದಿಗೆ ನಾಲ್ವರು. ತಲೆಗಳೆಲ್ಲ ದೋಣಿಯ ಒಳಗೆ. ನಾಲ್ವರ ಕಡೆ ಅದು ವಾಲತೊಡಗಿತು. ಯಾರಾದರೂ ಒಬ್ಬರು ಬರಬೇಕು ಎಂದು ಒಳಗಿನಿಂದ ಕೂಗುವಷ್ಟರಲ್ಲಿ ಯಲ್ಲವ್ವ ಸೆರಗು ಸೊಂಟಕ್ಕೆ ಸಿಗಿಸಿ ಒಳಗೆ ನುಗ್ಗಿ ಹೆಗಲು ಕೊಟ್ಟಳು. ದೋಣಿ ಸಮನಾಯಿತು.

ಬದಿಗಿಡೋಣ ಎಂದುಕೊಂಡದ್ದೇನೋ ಹೌದು. ಆದರೆ ಓಣಿಗೆ ಬದಿಯೇ ಇರಲಿಲ್ಲ. ಎರಡೂ ಕಡೆ ಮನೆಗಳ ಕಟ್ಟೆ. ಕಟ್ಟೆಯ ತುಂಬ ಜನ. ಹಿಂದಕ್ಕೆ ಹೋಗೋಣವೆಂದರೆ ಅಷ್ಟರಲ್ಲಿ ಓಣಿಯ ಆ ತುದಿಯಿಂದ ಮೆರವಣಿಗೆ ಒಳಗೆ ಬಂದೇಬಿಟ್ಟಿತ್ತು. ಬಾಜಾ ಹತ್ತಿರವಾಗುತ್ತಿತ್ತು. ಪಾಂಡುರಂಗ ಮಾಸ್ತರರು ಮಕ್ಕಳ ಮುಂದೆ ನಿಂತು, "ಅರೇ, ಸರೀರಿ, ಸರೀರಿ" ಎಂದು ದೋಣಿಯ ಹಿಂಭಾಗಕ್ಕೆ ಹೇಳುತ್ತಿದ್ದರು.

ದೋಣಿಯ ಎದುರಿಗೆ ಕೋಲೂರಿ ನಿಂತಿದ್ದ ಸುಬೇದಾರರು ಹಿಂದೆ ನೋಡಿದರು, ಮುಂದೆ ನೋಡಿದರು. "ಹಿಂದ ರಸ್ತಾ ಇಲ್ಲ" ಎಂದರು. "ಮುಂದ ನಡೀರಿ."

ಮೊದಲ ಹತ್ತು ಹೆಜ್ಜೆ ಯಾವ ಸೈನ್ಯವೂ ನೋಡಬಾರದಂಥವು. ಒಬ್ಬರ ಎಡಗಾಲು, ಇನ್ನೊಬ್ಬರ ಬಲಗಾಲು. ನೀರನ್ನೇ ಕಾಣದ ಆ ದೋಣಿ ಇಂಡಿಯ ಓಣಿಯಲ್ಲಿ ಅಲೆಗೆ ಸಿಕ್ಕಂತೆ ಹೊಯ್ದಾಡಿತು. ಕಟ್ಟೆಯ ಮೇಲಿನ ಹೆಂಗಸರು ಚೀರಿ ಒಳಗೆ ಸರಿದರು. ಆಗ ಸುಬೇದಾರರ ದನಿ ಬಂತು. ಹಾಜರಿ ಕೂಗುವಾಗ ಕೇಳುತ್ತಿದ್ದ ಮುದುಕನ ದನಿಯಲ್ಲ; ಪಲ್ಟಣದ ಹಿಂದಿಯಲ್ಲಿ ಎಡ-ಬಲ ಕೂಗುವ ದನಿ.

"ಬಾಯೇಂ. ದಾಹಿನೇ. ಬಾಯೇಂ. ದಾಹಿನೇ."

ಒಳಗಿನ ಕತ್ತಲೆಯಲ್ಲಿ ಶ್ರೀಶೈಲಪ್ಪನಿಗೆ ಮುಂದಿನವನ ಬೆನ್ನು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಆದರೆ ಕೇಳಿಸಿತು. ಮೊದಲು ಇಬ್ಬರದು ಕೂಡಿತು, ಆಮೇಲೆ ನಾಲ್ವರದು. ಕೂಡದೆ ಗತಿಯಿರಲಿಲ್ಲ; ಒಬ್ಬ ತಪ್ಪಿದರೆ ಅಷ್ಟೂ ಭಾರ ಪಕ್ಕದವನ ಹೆಗಲ ಮೇಲೆ. ಕಿರಾಣಿ ಅಂಗಡಿ ದಾಟುವ ಹೊತ್ತಿಗೆ ಹತ್ತೂ ಮಂದಿಯ ಕಾಲು ಒಂದೇ ಸಲ ನೆಲಕ್ಕೆ ಬಿದ್ದವು. ಆ ಸಪ್ಪಳ ಮೇಲೇರಿ ದೋಣಿಯ ಹೊಟ್ಟೆಗೆ ಬಡಿದು, ನೂರು ಬೂಟಿನ ಸಪ್ಪಳವಾಗಿ ಅವನ ಕಿವಿಗೆ ಇಳಿಯಿತು. ಶ್ರೀಶೈಲಪ್ಪ ಅಳುತ್ತಿದ್ದ. ಒಳಗೆ ಇನ್ನೂ ಒಬ್ಬಿಬ್ಬರು ಮೂಗು ಎಳೆಯುವುದು ಕೇಳುತ್ತಿತ್ತು. ಯಾರೆಂದು ನೋಡುವ ಹಾಗಿರಲಿಲ್ಲ. ಎರಡೂ ಕೈ ದೋಣಿಗೆ ಬೇಕಾಗಿದ್ದವು.

ಹೊರಗಿನವರಿಗೆ ಕಂಡದ್ದೇ ಬೇರೆ. ಒಂದು ದೋಣಿ ತನ್ನದೇ ಕಾಲಿನ ಮೇಲೆ ಎದ್ದು, ಹೆಜ್ಜೆ ತಪ್ಪದೆ ಊರೊಳಗೆ ನಡೆದು ಬರುತ್ತಿತ್ತು. ಕಾಲುಗಳ ಸಾಲಿನಲ್ಲಿ ಒಂದು ಜೊತೆ ಹೆಂಗಸಿನ ಬರಿಗಾಲು. ಜನ ಕೈಮುಗಿದರು. ಹೆಂಗಸರು ಬಾವಿಯಿಂದ ತಾಸುಗಟ್ಟಲೆ ಕಾದು ತುಂಬಿಟ್ಟಿದ್ದ ನೀರನ್ನು ತಂಬಿಗೆಯಲ್ಲಿ ತಂದು ಆ ಕಾಲುಗಳ ಮೇಲೆ ಸುರಿದರು. ಬಾಳಮ್ಮ ಗಂಟು ಬಗಲಲ್ಲಿಟ್ಟು, ಒಂದು ಕೈಯಲ್ಲಿ ದೋಣಿಯ ಅಂಚು ಹಿಡಿದು, ಜಾಗ ತಪ್ಪೀತೆಂದು ಪಕ್ಕದಲ್ಲೇ ಓಡುತ್ತಿದ್ದಳು.

ಮೈದಾನದಲ್ಲಿ ತಹಶೀಲ್ದಾರರು ಮೆರವಣಿಗೆಯ ಮೊದಲ ಸಾಲಿಗೆ ಸೆಲ್ಯೂಟ್ ಕೊಡಲು ಕಟ್ಟೆಯ ಮೇಲೆ ತಯಾರಾಗಿ ನಿಂತಿದ್ದರು. ಮೊದಲ ಸಾಲಾಗಿ ಬಂದದ್ದು ಬೋರಲಾದ ದೋಣಿ. ಬಾಜಾದವರು ಅದೇ ಗಳಿಗೆಗೆ ಸಲಾಮಿ ಬಾರಿಸಿದರು. ತಹಶೀಲ್ದಾರರ ಕೈ ತಾನಾಗಿಯೇ ಮೇಲೆ ಹೋಯಿತು. ಹೋದ ಕೈಯನ್ನು ಅರ್ಧಕ್ಕೆ ಇಳಿಸಿದರೆ ನೋಡುವವರಿಗೆ ಚೆನ್ನಾಗಿರುವುದಿಲ್ಲವೆಂದು, ದೋಣಿ ಪೂರ್ತಿ ದಾಟುವವರೆಗೂ ಹಾಗೇ ನಿಂತರು.

ಧ್ವಜ ಏರಿತು. ಭಾಷಣವಾಯಿತು. ಮಳೆಯ ಬಗ್ಗೆ ಸರಕಾರಕ್ಕೆ ಏನೂ ಗೊತ್ತಿಲ್ಲವೆಂದು ತಹಶೀಲ್ದಾರರು ಎರಡು ಸಲ ಹೇಳಿದರು, ಜನ ನಂಬಲಿಲ್ಲ. ಆ ವರ್ಷ ಮಳೆ ಬರಲೂ ಇಲ್ಲ. ಬಾಳಮ್ಮ ವಾರವೊಪ್ಪತ್ತು ಕಾದು ಗೊಳಸಂಗಿಗೆ ಹೋದಳು. ಅದೆಲ್ಲ ಆಮೇಲಿನದು.

ಅಂದು ಪೇಡೆ ಹಂಚಿ ಮುಗಿದ ಮೇಲೆ ತಹಶೀಲ್ದಾರರು ಸುಬೇದಾರರ ಹತ್ತಿರ ಬಂದು ನಿಂತರು. ಅವರ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. "ಮತ್ತ ಓಣಿಗೆ ಒಯ್ಯಬ್ಯಾಡ್ರಿ. ನಮ್ಮ ಕಚೇರಿ ಅಂಗಳದಾಗ ಇಡ್ರಿ. ಇಲ್ಲೇ ಐತಲ್ಲ" ಎಂದರು.

ಕಚೇರಿ ಮೈದಾನದ ಆಚೆ ತುದಿಯಲ್ಲೇ ಇತ್ತು. ಅದರ ಬಾಗಿಲು ಇಲ್ಲಿಂದ ಕಾಣುತ್ತಿತ್ತು. ಸಂಘದವರು ಅದನ್ನು ನೋಡಿದರು. ಎಲ್ಲರ ಹೆಗಲೂ ತರಚಿದ್ದವು. ಸುಬೇದಾರರ ಮೊಣಕಾಲು ಬಾತಿತ್ತು.

"ಶ್ರೀಶೈಲಪ್ಪ" ಎಂದರು ಸುಬೇದಾರರು, "ಕಚೇರಿಗೆ ರಸ್ತಾ ಯಾವುದು?"

ಶ್ರೀಶೈಲಪ್ಪ ಎದುರಿಗಿದ್ದ ಕಚೇರಿಗೆ ಬೆನ್ನು ಮಾಡಿ ಅಟೆನ್ಶನ್‌ನಲ್ಲಿ ನಿಂತ.

"ಬಸ್ ಸ್ಟ್ಯಾಂಡ್ ಮ್ಯಾಲೆ ಹಾದು, ಪ್ಯಾಟಿ ದಾಟಿ, ಸ್ಟೇಶನ್ ರಸ್ತೆ ಹಿಡದು ಹೋಗಬೇಕ್ರಿ, ಸಾಬ್."

"ಬ್ಯಾರೆ ರಸ್ತಾ?"

"ಇಲ್ರಿ."

ಸುಬೇದಾರರು ತಲೆಯಾಡಿಸಿ, ಕೋಲನ್ನು ಬಸ್ ಸ್ಟ್ಯಾಂಡಿನ ಕಡೆ ತಿರುಗಿಸಿದರು. ಎಲ್ಲರಿಗಿಂತ ಮೊದಲು ಯಲ್ಲವ್ವ ಬಾಗಿ ದೋಣಿಯ ಅಂಚಿಗೆ ಕೈ ಹಾಕಿದಳು.